ಸಂಬಳ ಇಳಿಯುವುದಿಲ್ಲ, ಕೆಲಸವೇ ಹೋಗುತ್ತದೆ: ಯಾಕೆ ಹೀಗೆ?

ಪ್ರಶ್ನೆ: ಯಾವುದೇ ಸರಕಿಗೆ ಬೇಡಿಕೆ ಬಿದ್ದರೆ ಅದರ ಬೆಲೆ ಇಳಿಯುತ್ತದೆ, ಇಳಿದ ಬೆಲೆಗೆ ಮಾಲು ಖರ್ಚಾಗುತ್ತದೆ. ಕೆಲಸದ ವಿಷಯದಲ್ಲಿ ಮಾತ್ರ ಹೀಗಾಗುವುದಿಲ್ಲ. ಆರ್ಥಿಕ ಹಿಂಜರಿತ ಬಂದರೆ ನೂರರಲ್ಲಿ ಹತ್ತು ಜನರನ್ನು ಮನೆಗೆ ಕಳಿಸುತ್ತಾರೆ, ಉಳಿದ ತೊಂಬತ್ತು ಜನರ ಸಂಬಳ ಹಾಗೇ ಇರುತ್ತದೆ. ಎಲ್ಲರ ಸಂಬಳವನ್ನೂ ಸ್ವಲ್ಪ ಇಳಿಸಿ ಎಲ್ಲರನ್ನೂ ಉಳಿಸಿಕೊಳ್ಳಬಹುದಲ್ಲ? ಕೆಲಸ ಕಳೆದುಕೊಂಡವರು ಕಡಿಮೆ ಸಂಬಳಕ್ಕೂ ಬರಲು ತಯಾರಿರುತ್ತಾರೆ. ಅದೇ ಸಮಯದಲ್ಲಿ ಖಾಲಿ ಹುದ್ದೆಗಳೂ ಇರುತ್ತವೆ, ಅದು ಹೇಗೆ? ಸಂಬಳ ಇಳಿಯಲು ಬಿಟ್ಟುಬಿಟ್ಟರೆ ನಿರುದ್ಯೋಗವೇ ಇರುವುದಿಲ್ಲ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಖಾಲಿ ಹುದ್ದೆಯಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಸಂಬಳದ ಗಂಟು ಬಿಡಿಸುವುದು ಸುಲಭ.

ಸಿಮೆಂಟ್ ಕೊಳ್ಳುವವನಿಗೆ ಈ ಮೂಟೆಯಾದರೇನು, ಆ ಮೂಟೆಯಾದರೇನು. ಕೆಲಸ ಹಾಗಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಬರುತ್ತದೆ, ಒಂದೊಂದು ಹುದ್ದೆಗೆ ಒಂದೊಂದು ಥರದ ಮನುಷ್ಯ ಬೇಕು. ಯಾರು ಎಲ್ಲಿದ್ದಾರೆ, ಯಾರಿಗೆ ಎಷ್ಟು ಕೈ ಪಳಗಿದೆ, ಯಾರು ನಾಲ್ಕು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಇದೆಲ್ಲ ಮೊದಲೇ ಗೊತ್ತಾಗುವುದಿಲ್ಲ. ಜಾಹೀರಾತು ಹಾಕಬೇಕು, ಅರ್ಜಿ ನೋಡಬೇಕು, ಸಂದರ್ಶನ ಮಾಡಬೇಕು. ಆ ಕಡೆ ಕೆಲಸ ಹುಡುಕುವವರೂ ಅಲೆಯಬೇಕು, ಬೇಕಾದರೆ ಊರು ಬಿಡಬೇಕು. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ದುಡ್ಡೂ ಖರ್ಚಾಗುತ್ತದೆ. ಅರ್ಥಶಾಸ್ತ್ರದವರು ಉದ್ಯೋಗ ಮಾರುಕಟ್ಟೆಯ ತೊಡಕುಗಳು ಎಂದು ಕರೆಯುವುದು ಇವನ್ನೇ. ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೊಫರ್ ಪಿಸ್ಸಾರಿಡೀಸ್ ಅವರಿಗೆ 2010ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇದನ್ನು ಲೆಕ್ಕಕ್ಕೆ ತಂದದ್ದಕ್ಕಾಗಿ. ಹುಡುಕಾಟ ಇರುವ ತನಕ ಹುಡುಕುತ್ತಿರುವ ಜನರೂ ಇರುತ್ತಾರೆ, ತುಂಬದ ಹುದ್ದೆಗಳೂ ಇರುತ್ತವೆ. ಎರಡೂ ಒಟ್ಟಿಗೆ ಇರುವುದರಲ್ಲಿ ವಿಚಿತ್ರವೇನೂ ಇಲ್ಲ.

ಇನ್ನೊಂದು ವಿಷಯ. ನಿರುದ್ಯೋಗ ಎಂದರೆ ಒಂದು ಕಡೆ ನಿಂತ ನೀರು ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಅದು ಹರಿಯುತ್ತಲೇ ಇರುತ್ತದೆ. ಅಮೆರಿಕದಲ್ಲಿ 2009ರ ತೀರಾ ಕೆಟ್ಟ ತಿಂಗಳಲ್ಲೂ 35 ಲಕ್ಷಕ್ಕಿಂತ ಜಾಸ್ತಿ ಜನ ಹೊಸ ಕೆಲಸಕ್ಕೆ ಸೇರಿದ್ದರು. ಒಂದು ಚಿಕ್ಕ ಲೆಕ್ಕ ನೋಡಿ. ಸಾವಿರ ಜನರಲ್ಲಿ 950 ಜನ ಕೆಲಸದಲ್ಲಿದ್ದಾರೆ, 50 ಜನ ಹುಡುಕುತ್ತಿದ್ದಾರೆ. ಪ್ರತಿ ತಿಂಗಳು ಕೆಲಸದಲ್ಲಿರುವವರಲ್ಲಿ ಶೇ 2ರಷ್ಟು ಜನ ಕೆಲಸ ಕಳೆದುಕೊಳ್ಳುತ್ತಾರೆ, ಅಂದರೆ 19 ಮಂದಿ. ಹುಡುಕುವವರಲ್ಲಿ ಶೇ 38ರಷ್ಟು ಜನರಿಗೆ ಕೆಲಸ ಸಿಗುತ್ತದೆ, ಅದೂ 19 ಮಂದಿ. ಹೋದವರೂ ಬಂದವರೂ ಸಮ, ನಿರುದ್ಯೋಗ ಶೇ 5ರಲ್ಲೇ ನಿಲ್ಲುತ್ತದೆ. ಈಗ ಕೆಲಸದಿಂದ ತೆಗೆಯುವುದು ಒಂದಿಷ್ಟೂ ಹೆಚ್ಚಾಗದೆ, ಕೆಲಸ ಸಿಗುವ ಪ್ರಮಾಣ ಮಾತ್ರ ಶೇ 38ರಿಂದ ಶೇ 23ಕ್ಕೆ ಇಳಿಯಿತು ಅನ್ನಿ. ಕೆಲವು ತಿಂಗಳಲ್ಲಿ ನಿರುದ್ಯೋಗ ಶೇ 8ಕ್ಕೆ ಹೋಗಿ ಕೂರುತ್ತದೆ. ಒಬ್ಬರನ್ನೂ ಹೆಚ್ಚಾಗಿ ಮನೆಗೆ ಕಳಿಸದೆ!

ಇದು ಬರೀ ಕಾಗದದ ಲೆಕ್ಕವಲ್ಲ. ಹಿಂಜರಿತದ ಮೊದಲ ತಿಂಗಳುಗಳಲ್ಲಿ ಜನರನ್ನು ತೆಗೆಯುವುದು ಜೋರಾಗಿಯೇ ನಡೆಯುತ್ತದೆ, ಸುದ್ದಿಯಾಗುವುದೂ ಅದೇ. ಆದರೆ ಅದು ಬೇಗ ತಣ್ಣಗಾಗುತ್ತದೆ. ಆಮೇಲೆ ವರ್ಷಗಟ್ಟಲೆ ನಿರುದ್ಯೋಗವನ್ನು ಮೇಲೆ ಹಿಡಿದಿಡುವುದು ನೇಮಕ ನಿಂತುಹೋಗುವುದು. 2009ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ಖಾಲಿ ಹುದ್ದೆಗೆ ಆರಕ್ಕಿಂತ ಜಾಸ್ತಿ ನಿರುದ್ಯೋಗಿಗಳಿದ್ದರು. 2022ರ ಮಾರ್ಚ್‌ನಲ್ಲಿ ಒಬ್ಬ ನಿರುದ್ಯೋಗಿಗೆ ಹತ್ತಿರ ಹತ್ತಿರ ಎರಡು ಖಾಲಿ ಹುದ್ದೆಗಳಿದ್ದವು. ಅದೇ ದೇಶ, ನಡುವೆ ಇದ್ದದ್ದು 13 ವರ್ಷವೂ ಅಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸುತ್ತೇನೆ. ಕಂಪನಿಗಳು ಜನರನ್ನು ಯಾಕೆ ತೆಗೆಯುತ್ತವೆ ಅನ್ನುವುದಕ್ಕಿಂತ, ಕಡಿಮೆ ಸಂಬಳಕ್ಕೆ ಜನ ಸಿಗುತ್ತಿದ್ದರೂ ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳಬೇಕು.

ಸಂಬಳ ಇಲ್ಲಿ ಬರುತ್ತದೆ. ಒಬ್ಬ ಕೆಲಸಗಾರ ತಿಂಗಳಿಗೆ ಕಂಪನಿಗೆ 100ರಷ್ಟು ದುಡಿದು ಕೊಡುತ್ತಾನೆ, ಸಂಬಳ 96 ಎಂದಿಟ್ಟುಕೊಳ್ಳಿ. ಕಂಪನಿಗೆ ಉಳಿಯುವುದು 4. ಜಾಹೀರಾತು, ಸಂದರ್ಶನ, ತರಬೇತಿ ಎಲ್ಲದರ ಖರ್ಚೂ ಈ ನಾಲ್ಕರಲ್ಲೇ ಹುಟ್ಟಬೇಕು. ಮಾರುಕಟ್ಟೆ ಕೆಟ್ಟು ಆ 100 ಎನ್ನುವುದು 98 ಆಯಿತು. ಸಂಬಳವೂ ಅದೇ ಪ್ರಮಾಣದಲ್ಲಿ ಇಳಿದು ಸುಮಾರು 94 ಆದರೆ, ಕಂಪನಿಗೆ ಉಳಿಯುವುದು 3.9. ಅಂಥ ವ್ಯತ್ಯಾಸವೇನಿಲ್ಲ, ನೇಮಕ ಮೊದಲಿನಂತೆಯೇ ನಡೆಯುತ್ತದೆ. ಸಂಬಳ 96ರಲ್ಲೇ ನಿಂತರೆ ಉಳಿಯುವುದು ಬರೀ 2. ದುಡಿಮೆಯಲ್ಲಿ ಶೇ 2ರ ಇಳಿಕೆ, ಕಂಪನಿಯ ಲಾಭದಲ್ಲಿ ಶೇ 50ರ ಇಳಿಕೆ. ಹೊಸಬರನ್ನು ಹುಡುಕುವ ಆಸೆಯೇ ಹೋಗುತ್ತದೆ, ಅಲ್ವಾ?

ಈ ಮಾತಿಗೆ ಬಲ ಬಂದದ್ದು 2005ರಲ್ಲಿ. ರಾಬರ್ಟ್ ಶೈಮರ್ ಆ ವರ್ಷ ಒಂದು ಇಕ್ಕಟ್ಟಿನ ಸಂಗತಿ ತೋರಿಸಿದರು. ಅಮೆರಿಕದ ಅಂಕಿಅಂಶದಲ್ಲಿ ಖಾಲಿ ಹುದ್ದೆ ಮತ್ತು ನಿರುದ್ಯೋಗಿಗಳ ಅನುಪಾತ ಏರಿಳಿಯುವುದು ಕಾರ್ಮಿಕರ ಉತ್ಪಾದಕತೆಯ, ಅಂದರೆ ಒಬ್ಬೊಬ್ಬ ಕೆಲಸಗಾರ ದುಡಿದು ಕೊಡುವುದರ, ಏರಿಳಿತಕ್ಕಿಂತ ಸುಮಾರು 20 ಪಟ್ಟು ಜಾಸ್ತಿ. ಡೈಮಂಡ್, ಮಾರ್ಟೆನ್ಸನ್, ಪಿಸ್ಸಾರಿಡೀಸ್ ಕಟ್ಟಿದ ಹುಡುಕಾಟದ ಸಿದ್ಧಾಂತದ ಆಗಿನ ಮಾದರಿಯಲ್ಲಿ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬರುತ್ತಿದ್ದವು. ಅಂದರೆ ನೊಬೆಲ್ ತಂದುಕೊಡಲಿದ್ದ ಮಾದರಿ ಹಿಂಜರಿತದ ನಿರುದ್ಯೋಗವನ್ನೇ ವಿವರಿಸುತ್ತಿರಲಿಲ್ಲ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಆ ಮಾದರಿಯಲ್ಲಿ ಕಂಪನಿಯೂ ಕೆಲಸಗಾರನೂ ಪ್ರತಿ ಸಲ ಹೊಸದಾಗಿ ಚೌಕಾಸಿ ಮಾಡುತ್ತಾರೆ. ಕಾಲ ಕೆಟ್ಟರೆ ಸಂಬಳ ತಾನಾಗಿ ಇಳಿದು ಪೆಟ್ಟನ್ನು ನುಂಗಿಬಿಡುತ್ತದೆ. ಅದೇ ವರ್ಷ ರಾಬರ್ಟ್ ಹಾಲ್, ಸಂಬಳ ಜಗ್ಗುವುದಿಲ್ಲ ಎಂದು ಇಟ್ಟುಕೊಂಡರೆ ಅದೇ ಮಾದರಿ ನಿಜವಾದ ಏರಿಳಿತಕ್ಕೆ ಹತ್ತಿರ ಬರುತ್ತದೆ ಎಂದು ತೋರಿಸಿದರು. ತೊಡಕು ಒಂದೇ ಇದ್ದರೆ ಯಾವಾಗಲೂ ಒಂದಷ್ಟು ನಿರುದ್ಯೋಗ ಇರುತ್ತದೆ, ಅಷ್ಟೇ. ಅದು ಹಿಂಜರಿತದಲ್ಲಿ ದುಪ್ಪಟ್ಟಾಗಬೇಕಾದರೆ ಸಂಬಳದ ಬಿಗಿಯೂ ಜೊತೆಗೆ ಬೇಕು.

ಸಂಬಳ ನಿಜಕ್ಕೂ ಅಷ್ಟು ಬಿಗಿಯೇ? ಸರಾಸರಿ ಸಂಬಳ ನೋಡಿ ತೀರ್ಮಾನಕ್ಕೆ ಬರಬೇಡಿ, ಅದು ಮೋಸ ಮಾಡುತ್ತದೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಬಂದು ಅಮೆರಿಕದಲ್ಲಿ ಕೋಟಿಗಟ್ಟಲೆ ಕೆಲಸ ಹೋದಾಗ, ಗಂಟೆಯ ಸರಾಸರಿ ಸಂಬಳ ಒಂದೇ ತಿಂಗಳಲ್ಲಿ ಶೇ 4ಕ್ಕಿಂತ ಜಾಸ್ತಿ ಏರಿತ್ತು! ಯಾರಿಗೂ ಇನ್ಕ್ರಿಮೆಂಟ್ ಸಿಕ್ಕಿರಲಿಲ್ಲ. ಕಡಿಮೆ ಸಂಬಳದವರು ಮೊದಲು ಕೆಲಸ ಕಳೆದುಕೊಂಡರು, ಲೆಕ್ಕದಲ್ಲಿ ಉಳಿದವರು ದೊಡ್ಡ ಸಂಬಳದವರು. ಹಾಗಾಗಿ ಒಬ್ಬೊಬ್ಬರ ಸಂಬಳವನ್ನೇ ಹಿಂಬಾಲಿಸಿ ನೋಡಬೇಕು. ಸಂಬಳ ಪಾವತಿಯ ದಾಖಲೆಗಳನ್ನು ಹಿಡಿದು ಅಮೆರಿಕದಲ್ಲಿ ಮಾಡಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅದೇ ಕೆಲಸದಲ್ಲಿ ಉಳಿದವರಲ್ಲಿ ವರ್ಷಕ್ಕೆ ಮೂಲ ಸಂಬಳ ಇಳಿಯುವುದು ಶೇ 2ರಷ್ಟು ಜನರದ್ದು ಮಾತ್ರ. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಜನರ ಸಂಬಳ ಏರದೆ ಇಳಿಯದೆ ಇದ್ದಲ್ಲೇ ಇರುತ್ತದೆ. ಅಂದರೆ ಇಳಿಯಬೇಕಾದ ಸಂಬಳಗಳು ‘ಏರಿಕೆ ಸೊನ್ನೆ’ ಎನ್ನುವಲ್ಲಿಗೆ ಬಂದು ನಿಲ್ಲುತ್ತವೆ, ಅದಕ್ಕಿಂತ ಕೆಳಗೆ ಹೋಗುವುದು ತುಂಬ ಅಪರೂಪ.

ಯಾಕೆ ಇಳಿಸುವುದಿಲ್ಲ ಎನ್ನುವುದಕ್ಕೆ ಸಿದ್ಧಾಂತಗಳು ಬೇಕಾದಷ್ಟಿವೆ. ನನಗೆ ಇಷ್ಟವಾದ ಉತ್ತರ ಮಾತ್ರ ಸಿದ್ಧಾಂತದಿಂದ ಬಂದದ್ದಲ್ಲ. 1990ರ ದಶಕದ ಆರಂಭದ ಹಿಂಜರಿತದಲ್ಲಿ ಟ್ರೂಮನ್ ಬ್ಯೂಲಿ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಈಶಾನ್ಯ ಭಾಗದಲ್ಲಿ ಮುನ್ನೂರಕ್ಕಿಂತ ಜಾಸ್ತಿ ಜನರನ್ನು ಕೂರಿಸಿ ಮಾತನಾಡಿಸಿದರು. ಮಾಲೀಕರು, ಮ್ಯಾನೇಜರ್‌ಗಳು, ಕಾರ್ಮಿಕ ಸಂಘದವರು, ಕೆಲಸ ಕಳೆದುಕೊಂಡವರಿಗೆ ಸಲಹೆ ಕೊಡುವವರು. ನಿಮ್ಮ ಪ್ರಶ್ನೆಯನ್ನೇ ಕೇಳಿದರು: ಸಂಬಳ ಯಾಕೆ ಇಳಿಸಲಿಲ್ಲ? ಬಹಳ ಜನ ಹೇಳಿದ್ದು ಒಂದೇ ಮಾತು, ಕೆಲಸಗಾರರ ಮನಸ್ಸು ಮುರಿಯುತ್ತದೆ. ಕೆಲಸದಿಂದ ತೆಗೆದವನು ಕೋಪ ಮಾಡಿಕೊಂಡರೂ ಕಂಪನಿಯ ಹೊರಗಿರುತ್ತಾನೆ. ಸಂಬಳ ಇಳಿಸಿದರೆ ಕೋಪಗೊಂಡವರೆಲ್ಲ ಒಳಗೇ ಇರುತ್ತಾರೆ, ದಿನಾ ಎದುರಿಗೇ ಕೂತು ಕೆಲಸ ಮಾಡುತ್ತಾರೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಎಲ್ಲರಿಗೂ ಶೇ 10ರಷ್ಟು ಇಳಿಸಿದರೆ ಮೊದಲು ಬಿಟ್ಟು ಹೋಗುವವರು ಬೇರೆಡೆ ಸುಲಭವಾಗಿ ಕೆಲಸ ಸಿಗುವ ಒಳ್ಳೆಯ ಕೆಲಸಗಾರರು. ಯಾರು ಹೋಗಬೇಕು ಎಂದು ಕಂಪನಿಯೇ ಆರಿಸುವುದು ಜನರನ್ನು ತೆಗೆದಾಗ ಮಾತ್ರ.

ನ್ಯಾಯದ ಭಾವನೆಯೂ ಇದರಲ್ಲಿ ಸೇರಿಕೊಂಡಿದೆ. ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಮೂವರೂ 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದಿದೆ. ಕೆನಡಾದಲ್ಲಿ ಫೋನ್ ಮಾಡಿ ಜನರಿಗೆ ಕಥೆಯಂಥ ಪ್ರಶ್ನೆ ಕೇಳಿದ್ದರು. ಊರಿನಲ್ಲಿ ನಿರುದ್ಯೋಗ ಇದೆ, ಹಣದುಬ್ಬರ ಇಲ್ಲ, ಕಂಪನಿ ಸಂಬಳವನ್ನು ಶೇ 7ರಷ್ಟು ಇಳಿಸಿತು. ಇದು ಅನ್ಯಾಯ ಎಂದವರು ಶೇ 62. ಇನ್ನೊಂದು ಗುಂಪಿಗೆ ಅದೇ ಕಥೆ, ಆದರೆ ಹಣದುಬ್ಬರ ಶೇ 12 ಇದೆ, ಕಂಪನಿ ಸಂಬಳವನ್ನು ಶೇ 5ರಷ್ಟು ಏರಿಸಿತು. ಕೈಗೆ ಬಂದ ದುಡ್ಡಿನ ಬೆಲೆ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ ನಷ್ಟ. ಇಲ್ಲಿ ಅನ್ಯಾಯ ಎಂದವರು ಶೇ 22 ಮಾತ್ರ. ಸಂಬಳದ ಚೀಟಿಯಲ್ಲಿ ಬರೆದ ಅಂಕಿ ಇಳಿಯಬಾರದು ಎನ್ನುವುದು ಜನರ ಮನಸ್ಸಿನಲ್ಲಿ ಎಷ್ಟು ಗಟ್ಟಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಇಷ್ಟು ಓದಿ ನೀವು ಕೇಳಬಹುದು: ಒಳಗಿರುವವರ ಸಂಬಳ ಇಳಿಸುವುದು ಕಷ್ಟ, ಒಪ್ಪಿದೆ. ಹೊಸದಾಗಿ ಬರುವವನಿಗೆ ಕಡಿಮೆ ಕೊಟ್ಟರೆ ಯಾರು ಬೇಡ ಅಂತಾರೆ? ಇದು ಒಳ್ಳೆಯ ತಕರಾರು. 1977ರಲ್ಲೇ ರಾಬರ್ಟ್ ಬ್ಯಾರೊ ಇದರ ಒಂದು ರೂಪವನ್ನು ಎತ್ತಿದ್ದರು. ಹಳಬರ ಸಂಬಳ ಎಷ್ಟೇ ಬಿಗಿಯಾಗಿರಲಿ, ಕಂಪನಿ ಹೊಸಬರನ್ನು ತೆಗೆದುಕೊಳ್ಳುವಾಗ ನೋಡುವುದು ಹೊಸಬರ ಸಂಬಳವನ್ನು. ನನ್ನ 100 ಮತ್ತು 96ರ ಲೆಕ್ಕದಲ್ಲಿ ಆ 96 ಹೊಸಬನದ್ದು. ಅದು ಇಳಿಯುವಂತಿದ್ದರೆ ಮೇಲೆ ಹೇಳಿದ್ದೆಲ್ಲ ನೇಮಕದ ವಿಷಯದಲ್ಲಿ ಕೆಲಸಕ್ಕೆ ಬಾರದು. ಪಿಸ್ಸಾರಿಡೀಸ್ ಅವರೇ 2009ರಲ್ಲಿ ಹೊಸ ನೇಮಕದ ಸಂಬಳ ಕಾಲಕ್ಕೆ ತಕ್ಕಂತೆ ಚೆನ್ನಾಗಿಯೇ ಏರಿಳಿಯುತ್ತದೆ, ಹಾಗಾಗಿ ಬಿಗಿ ಸಂಬಳ ಉತ್ತರವಾಗಲಾರದು ಎಂದು ವಾದಿಸಿದರು.

ಈ ಜಗಳ ಪೂರ್ತಿ ಮುಗಿದಿಲ್ಲ, ಆದರೆ ತಕ್ಕಡಿ ಯಾವ ಕಡೆ ವಾಲಿದೆ ಎಂದು ಹೇಳಬಲ್ಲೆ. ಹೊಸಬರ ಸಂಬಳದಲ್ಲಿ ಕಾಣುವ ಏರಿಳಿತದ ಒಂದು ದೊಡ್ಡ ಪಾಲು ಸಂಬಳದ್ದಲ್ಲ, ಕೆಲಸದ್ದು. ಒಳ್ಳೆಯ ಕಾಲದಲ್ಲಿ ಜನ ಚಿಕ್ಕ ಕೆಲಸ ಬಿಟ್ಟು ದೊಡ್ಡ ಕೆಲಸಕ್ಕೆ ಹಾರುತ್ತಾರೆ, ಸಂಬಳ ಏರಿದಂತೆ ಕಾಣುತ್ತದೆ. ಕೆಟ್ಟ ಕಾಲದಲ್ಲಿ ಸಿಕ್ಕಿದ್ದಕ್ಕೆ ಸೇರುತ್ತಾರೆ, ಇಳಿದಂತೆ ಕಾಣುತ್ತದೆ. ಮಾರ್ಕ್ ಗರ್ಟ್ಲರ್ ಮತ್ತು ಜೊತೆಗಾರರು ಇದನ್ನು ಬೇರ್ಪಡಿಸಿ ನೋಡಿದಾಗ, ನಿರುದ್ಯೋಗದಿಂದ ಬಂದು ಸೇರಿದವರ ಸಂಬಳ ಹಳಬರದ್ದಕ್ಕಿಂತ ಹೆಚ್ಚೇನೂ ಜಗ್ಗುವುದಿಲ್ಲ ಎಂದು ಕಂಡಿತು. ಜೋನಾಥನ್ ಹೇಜಲ್ ಮತ್ತು ಬ್ಲೆಡಿ ಟಾಸ್ಕಾ ಆನ್‌ಲೈನ್ ಉದ್ಯೋಗ ಜಾಹೀರಾತುಗಳನ್ನೇ ಹಿಡಿದು, ಒಂದೇ ಹುದ್ದೆಗೆ ಮತ್ತೆ ಮತ್ತೆ ಹಾಕಿದ ಸಂಬಳವನ್ನು ಹೋಲಿಸಿದರು. ಕಾಲ ಸುಧಾರಿಸಿದಾಗ ಆ ಸಂಬಳ ಏರುತ್ತದೆ. ನಿರುದ್ಯೋಗ ಹೆಚ್ಚಾದಾಗ ಇಳಿಯುವುದಿಲ್ಲ. ಬ್ಯೂಲಿ ಮಾತನಾಡಿಸಿದ ಮಾಲೀಕರು ಇದರ ಕಾರಣವನ್ನೂ ಹೇಳಿದ್ದರು. ಒಂದೇ ಬೆಂಚಿನಲ್ಲಿ ಕೂತು ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ಸಂಬಳ ಕೊಟ್ಟರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಮೊದಲು ಕೆಲಸ ಸಿಕ್ಕರೆ ಸಾಕು ಎಂದು ಬಂದವನಿಗೇ ಆಮೇಲೆ ಉರಿಯಲು ಶುರುವಾಗುತ್ತದೆ. ದೊಡ್ಡ ಸಂಬಳದ ಕೆಲಸ ಮಾಡಿದವನು ಚಿಕ್ಕ ಸಂಬಳಕ್ಕೆ ಬಂದರೆ ಕಾಲ ಸುಧಾರಿಸಿದ ಕೂಡಲೇ ಹೋಗುತ್ತಾನೆ ಎಂಬ ಅನುಮಾನವೂ ಇರುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷಿ ದಿನಗೂಲಿಯಿಂದ ಬಂದಿದೆ. ಅಲ್ಲಿ ಒಪ್ಪಂದವಿಲ್ಲ, ಸಂಘವಿಲ್ಲ, ಪ್ರತಿ ದಿನವೂ ಹೊಸ ನೇಮಕವೇ. ಬ್ಯಾರೊ ಹೇಳಿದ ಪ್ರಕಾರ ಅಲ್ಲಿ ಕೂಲಿ ನೀರಿನಂತೆ ಹರಿಯಬೇಕು. ಸುಪ್ರೀತ್ ಕೌರ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತದ ನೂರಾರು ಜಿಲ್ಲೆಗಳ ಕೃಷಿ ಕೂಲಿಯನ್ನು ಮಳೆಯ ಜೊತೆ ಹೊಂದಿಸಿ ನೋಡಿತು. ಒಳ್ಳೆ ಮಳೆಯ ವರ್ಷ ಕೂಲಿ ಏರುತ್ತದೆ. ಬರ ಬಂದರೆ ಇಳಿಯುವುದಿಲ್ಲ. ಒಳ್ಳೆ ಮಳೆಯ ವರ್ಷ ಏರಿದ ಕೂಲಿ ಮುಂದಿನ ಸಾಧಾರಣ ವರ್ಷದಲ್ಲೂ ಹಾಗೇ ನಿಲ್ಲುತ್ತದೆ, ಆಗ ಕೂಲಿ ಕೆಲಸ ಸುಮಾರು ಶೇ 9ರಷ್ಟು ಕಡಿಮೆಯಾಗುತ್ತದೆ. ಒಂದು ದಿನದ ಕೆಲಸಕ್ಕೂ ಕೂಲಿ ಇಳಿಯದು ಎಂದಾದರೆ, ಇದನ್ನು ಬರೀ ಒಪ್ಪಂದ, ಕಾನೂನು, ಕಾರ್ಮಿಕ ಸಂಘಗಳ ತಲೆಗೆ ಕಟ್ಟಲಾಗದು.

ಬೇರೆ ವಿವರಣೆಯೂ ಇದೆ. ಮಾರ್ಕಸ್ ಹಾಗೆಡಾರ್ನ್ ಮತ್ತು ಯೂರಿ ಮನೋವ್‌ಸ್ಕಿ 2008ರಲ್ಲಿ, ಸಂಬಳ ಬಿಗಿಯಾಗಿರಲೇಬೇಕಿಲ್ಲ, ಕಂಪನಿಗೆ ಉಳಿಯುವ ಪಾಲು ತೀರಾ ತೆಳುವಾಗಿದ್ದರೂ ಸಾಕು, ಸಣ್ಣ ಪೆಟ್ಟಿಗೂ ನೇಮಕ ಕುಸಿಯುತ್ತದೆ ಎಂದು ತೋರಿಸಿದರು. ಲೆಕ್ಕ ಸರಿಯಾಗಿದೆ. ಆದರೆ ಅದು ಕೂಡಿಬರಬೇಕಾದರೆ ಕೆಲಸವಿಲ್ಲದೆ ಮನೆಯಲ್ಲಿರುವುದು ಕೆಲಸದಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ ಎಂದು ಒಪ್ಪಬೇಕು. ಕೆಲಸ ಕಳೆದುಕೊಂಡ ಯಾರನ್ನಾದರೂ ಕೇಳಿ ನೋಡಿ, ಒಪ್ಪುತ್ತಾರಾ ಅಂತ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಸಂಬಳ ಇಳಿಯಲು ಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಒಂದು ಕಂಪನಿಯ ಮಟ್ಟಿಗೆ ಹೌದು ಅನ್ನಬಹುದು. ಇಡೀ ದೇಶಕ್ಕೆ ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಒಬ್ಬನ ಸಂಬಳ ಇನ್ನೊಬ್ಬನ ವ್ಯಾಪಾರ. ಎಲ್ಲರ ಸಂಬಳವೂ ಒಟ್ಟಿಗೆ ಇಳಿದರೆ ಖರ್ಚೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ, ಕೊನೆಗೆ ಕಂಪನಿಗೆ ಉಳಿಯುವ ಪಾಲು ಇದ್ದಲ್ಲೇ ಇರಬಹುದು. ಕೇನ್ಸ್ 1936ರಲ್ಲಿ ಎತ್ತಿದ ಆಕ್ಷೇಪ ಇದೇ. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ಸಂಬಳ ಶೇ 10ರಷ್ಟು ಇಳಿದವನಿಗೆ ಅದೇ ಕಂತು ಮೊದಲಿಗಿಂತ ಭಾರ. ಅರ್ವಿಂಗ್ ಫಿಶರ್ 1933ರಲ್ಲಿ, ಅಮೆರಿಕದಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದ ಆ ವರ್ಷ, ಬೆಲೆ ಇಳಿದಷ್ಟೂ ಸಾಲದ ಹೊರೆ ಏರುವ ಈ ಸುಳಿಯನ್ನು ವಿವರಿಸಿದ್ದರು.

ಸುಲಭದ ದಾರಿ ಎಂದರೆ ಸ್ವಲ್ಪ ಹಣದುಬ್ಬರ. ಕೆನಡಾದ ಸಮೀಕ್ಷೆ ನೆನಪಿಸಿಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 3ರಷ್ಟು ಏರುತ್ತಿದ್ದರೆ, ಸಂಬಳವನ್ನು ಮುಟ್ಟದೆ ಸುಮ್ಮನೆ ಬಿಟ್ಟರೂ ಅದರ ನಿಜವಾದ ಬೆಲೆ ಶೇ 3ರಷ್ಟು ಇಳಿಯುತ್ತದೆ, ಯಾರೂ ಬೀದಿಗಿಳಿಯುವುದಿಲ್ಲ. ಜೇಮ್ಸ್ ಟೋಬಿನ್ 1972ರಲ್ಲೇ ಇದನ್ನು ಹೇಳಿದ್ದರು. ಈ ದಾರಿ ಮುಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಸ್ಪೇನ್ ಇದೆ. ಯೂರೋ ಸೇರಿದ್ದರಿಂದ ತನ್ನದೇ ನಾಣ್ಯದ ಬೆಲೆ ಇಳಿಸುವಂತಿರಲಿಲ್ಲ, ಹಣದುಬ್ಬರವೂ ತೀರಾ ಕಡಿಮೆ. 2007ರಲ್ಲಿ ಶೇ 8ರ ಆಸುಪಾಸಿನಲ್ಲಿದ್ದ ನಿರುದ್ಯೋಗ 2013ಕ್ಕೆ ಶೇ 26ಕ್ಕೆ ಹೋಯಿತು. ಇದರಲ್ಲಿ ಮನೆ ಕಟ್ಟುವ ಉದ್ಯಮ ಕುಸಿದದ್ದು, ಬ್ಯಾಂಕುಗಳ ತೊಂದರೆ ಎಲ್ಲವೂ ಇವೆ. ಆದರೆ ಏರಿ ಕೂತ ಸಂಬಳ ಇಳಿಯಲು ಅಷ್ಟು ವರ್ಷ ಹಿಡಿಯದಿದ್ದರೆ ಪೆಟ್ಟು ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಎರಡನೆಯ ದಾರಿ ಎಂದರೆ ಕಂಪನಿಗೂ ಕೆಲಸಗಾರನಿಗೂ ಇರುವ ಸಂಬಂಧ ಕಡಿಯದಂತೆ ನೋಡಿಕೊಳ್ಳುವುದು. ಇದು ನನಗೆ ಹೆಚ್ಚು ಆಸಕ್ತಿಯದ್ದು, ಯಾಕೆಂದರೆ ಅದು ತೊಡಕಿನ ಕಡೆಯಿಂದ ಬರುತ್ತದೆ. ಅಮೆರಿಕದ ಎರಡು ಹಿಂಜರಿತಗಳನ್ನು ಪಕ್ಕದಲ್ಲಿಟ್ಟು ನೋಡಿ. 2009ರ ಅಕ್ಟೋಬರ್‌ನಲ್ಲಿ ಶೇ 10ಕ್ಕೆ ಮುಟ್ಟಿದ ನಿರುದ್ಯೋಗ ಶೇ 5ಕ್ಕೆ ಇಳಿಯಲು ಆರು ವರ್ಷ ಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಅದು ಶೇ 14 ದಾಟಿತ್ತು, ವರ್ಷದ ಕೊನೆಗೆ ಶೇ 7ಕ್ಕಿಂತ ಕೆಳಗಿತ್ತು. ಸರ್ಕಾರ ಸುರಿದ ದುಡ್ಡಿನ ಪಾಲು ಇದರಲ್ಲಿ ಇದೆ. ಆದರೆ 2020ರ ಏಪ್ರಿಲ್‌ನ ನಿರುದ್ಯೋಗಿಗಳಲ್ಲಿ ನಾಲ್ವರಲ್ಲಿ ಮೂವರು ತಾತ್ಕಾಲಿಕವಾಗಿ ಮನೆಗೆ ಹೋದವರು. ಬಾಗಿಲು ತೆಗೆದಾಗ ಹಳೇ ಕಂಪನಿಯೇ ಕರೆಯಿತು. ಜಾಹೀರಾತಿಲ್ಲ, ಸಂದರ್ಶನವಿಲ್ಲ, ಸಂಬಳದ ಚೌಕಾಸಿಯೂ ಇಲ್ಲ. ಸಂಬಂಧ ಕಡಿದುಹೋದವರ ಪಾಡು ಬೇರೆ. ಅಮೆರಿಕದಲ್ಲಿ ಸಾಮೂಹಿಕವಾಗಿ ಕೆಲಸ ಕಳೆದುಕೊಂಡ ಗಂಡಸರ ಬಗ್ಗೆ ಸ್ಟೀವನ್ ಡೇವಿಸ್ ಮತ್ತು ಟಿಲ್ ವಾನ್ ವಾಕ್ಟರ್ ಹಾಕಿದ ಲೆಕ್ಕವಿದೆ. ನಿರುದ್ಯೋಗ ಶೇ 6ಕ್ಕಿಂತ ಕಡಿಮೆ ಇದ್ದಾಗ ಕೆಲಸ ಹೋದವರು ಮುಂದಿನ ಜೀವನದಲ್ಲಿ 1.4 ವರ್ಷದ ಗಳಿಕೆಯಷ್ಟು ಕಳೆದುಕೊಳ್ಳುತ್ತಾರೆ. ಶೇ 8ಕ್ಕಿಂತ ಜಾಸ್ತಿ ಇದ್ದಾಗ ಹೋದರೆ 2.8 ವರ್ಷದಷ್ಟು.

ಸಂಬಂಧ ಕಡಿಯದಂತೆ ನೋಡಿಕೊಳ್ಳುವುದನ್ನು ಜರ್ಮನಿ ಬಹಳ ಹಿಂದೆಯೇ ಪದ್ಧತಿ ಮಾಡಿಕೊಂಡಿದೆ. ಕುರ್ಜ್‌ಅರ್ಬೈಟ್ ಎಂದು ಅದರ ಹೆಸರು. ಕಂಪನಿ ಜನರನ್ನು ತೆಗೆಯುವ ಬದಲು ಕೆಲಸದ ಗಂಟೆ ಕಡಿಮೆ ಮಾಡುತ್ತದೆ, ಕಳೆದುಹೋದ ಕೈಸಂಬಳದಲ್ಲಿ ಶೇ 60ರಷ್ಟನ್ನು, ಮಕ್ಕಳಿದ್ದರೆ ಶೇ 67ರಷ್ಟನ್ನು ನಿರುದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ನೀವು ಕೇಳಿದ ‘ಎಲ್ಲರಿಗೂ ಸ್ವಲ್ಪ ಇಳಿಸಿ ಎಲ್ಲರನ್ನೂ ಉಳಿಸಿ’ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಗಂಟೆಯ ಸಂಬಳ ಮುಟ್ಟುವುದಿಲ್ಲವಾದ್ದರಿಂದ ಯಾರ ಮನಸ್ಸೂ ಮುರಿಯುವುದಿಲ್ಲ. 2009ರಲ್ಲಿ ಜರ್ಮನಿಯ ಆರ್ಥಿಕತೆ ಶೇ 5ಕ್ಕಿಂತ ಕಡಿಮೆಯಿಲ್ಲದಂತೆ ಕುಗ್ಗಿತು, ಸುಮಾರು 15 ಲಕ್ಷ ಜನ ಒಂದು ಹಂತದಲ್ಲಿ ಈ ಯೋಜನೆಯಲ್ಲಿದ್ದರು, ನಿರುದ್ಯೋಗ ಮಾತ್ರ ಅಲುಗಾಡಿದ್ದು ಅತ್ಯಲ್ಪ. ಇದಕ್ಕೂ ಮಿತಿ ಇದೆ. ಆರ್ಡರ್ ವಾಪಸ್ ಬರುವ ಕಾರ್ಖಾನೆಗೆ ಇದು ಸರಿ. ಬೇಡಿಕೆ ಶಾಶ್ವತವಾಗಿ ಹೋದ ಉದ್ಯಮದಲ್ಲಿ ಇದೇ ಯೋಜನೆ ಜನರನ್ನು ಮುಂದಿಲ್ಲದ ಕೆಲಸಕ್ಕೆ ಕಟ್ಟಿಹಾಕುತ್ತದೆ, ಅವರು ಹೊಸ ಕೆಲಸ ಹುಡುಕಲು ಶುರು ಮಾಡುವುದೇ ತಡವಾಗುತ್ತದೆ. ಬಿದ್ದ ಬೇಡಿಕೆ ಮರಳುತ್ತದೋ ಇಲ್ಲವೋ ಎಂದು ಹಿಂಜರಿತದ ಮೊದಲ ತಿಂಗಳಲ್ಲಿ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಇಂಥ ಯೋಜನೆಗೆ ಮೊದಲೇ ಒಂದು ಅವಧಿ ಗೊತ್ತು ಮಾಡುವುದು, ಕಂಪನಿಯ ಕೈಯಿಂದಲೂ ಒಂದಿಷ್ಟು ಖರ್ಚು ಹಾಕಿಸುವುದು ಒಳ್ಳೆಯದು.